ಮಳೆಹನಿಯ ಲೆಕ್ಕ, ಎಕ್ಸೆಲ್‌ನಲ್ಲಿ

ಪಿಯುಸಿ ಲೆಕ್ಕಗಳಲ್ಲಿ ಗಾಳಿಯ ತಡೆಯನ್ನು ಬಿಟ್ಟುಬಿಡುತ್ತೇವೆ, ಅಲ್ವಾ? ಬೆಂಗಳೂರಿನ ಮೇಲೆ 1 ಕಿ.ಮೀ. ಎತ್ತರದ ಮೋಡದಿಂದ ಬೀಳುವ ಹನಿಗೂ ಹಾಗೇ ಮಾಡಿದರೆ, ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 140 ಮೀಟರ್ ಎಂದು ಬರುತ್ತದೆ. ಅಂದರೆ ಗಂಟೆಗೆ 500 ಕಿ.ಮೀ. ಆದರೆ 2 ಮಿ.ಮೀ. ದಪ್ಪದ ಹನಿ ನಿಜವಾಗಿ ಬೀಳುವುದು ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ. ಹಾಗಾಗಿ ಇಲ್ಲಿ ಗಾಳಿಯನ್ನು ಬಿಡುವಂತಿಲ್ಲ.

ಹನಿಗೆ ಗಾಳಿಯ ತಡೆ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೆಂಗಳೂರಿನಲ್ಲಿ ಗುರುತ್ವ 9.78. ವೇಗ 6.5 ತಲುಪಿದಾಗ ಗುರುತ್ವ, ತಡೆ ಎರಡೂ ಸಮ ಆಗಬೇಕು. ಅಂದರೆ ವೇಗದ ವರ್ಗವನ್ನು ಗುಣಿಸುವ ಅಂಕಿ 9.78 ÷ (6.5 × 6.5) = 0.2315. ಆದ್ದರಿಂದ:

ವೇಗೋತ್ಕರ್ಷ = 9.78 − 0.2315 × ವೇಗ × ವೇಗ

ತೊಡಕು ಇಲ್ಲೇ ಇದೆ. ವೇಗ ಬದಲಾದಂತೆ ವೇಗೋತ್ಕರ್ಷವೂ ಬದಲಾಗುತ್ತದೆ. ನಮಗೆ ಬಾಯಿಪಾಠವಾಗಿರುವ ಸೂತ್ರಗಳು ವೇಗೋತ್ಕರ್ಷ ಒಂದೇ ಸಮ ಇದ್ದರೆ ಮಾತ್ರ ನಡೆಯುತ್ತವೆ. ಆಯ್ಲರ್ ವಿಧಾನದ ಉಪಾಯ ಸರಳ: 0.1 ಸೆಕೆಂಡಿನ ಮಟ್ಟಿಗೆ ಅದು ಬದಲಾಗಲ್ಲ ಎಂದುಕೊಳ್ಳಿ. ಹೊಸ ವೇಗ ಲೆಕ್ಕ ಹಾಕಿ: ಹಳೆಯ ವೇಗ + ವೇಗೋತ್ಕರ್ಷ × 0.1. ಅದರಿಂದ ಹೊಸ ವೇಗೋತ್ಕರ್ಷ ತೆಗೆಯಿರಿ. ಮತ್ತೆ ಮುಂದಿನ 0.1 ಸೆಕೆಂಡ್.

ಮೊದಲ ಮೂರು ಸಾಲು ಕೈಯಲ್ಲೇ ಮಾಡಿ: 0.98, 1.93, 2.83. ಉಳಿದದ್ದಕ್ಕೆ ಎಕ್ಸೆಲ್‌ನಲ್ಲಿ ಮೂರು ಕಾಲಂ ಸಾಕು: ಸಮಯ, ವೇಗ, ವೇಗೋತ್ಕರ್ಷ. ಸೂತ್ರ ಬರೆದು ಕೆಳಗೆ ಎಳೆದರೆ ಎರಡು ಸೆಕೆಂಡಿನೊಳಗೆ ವೇಗ 6.4 ದಾಟಿ ಅಲ್ಲೇ ನಿಲ್ಲತೊಡಗುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಆಮೇಲೆ ಕಲಿಯಬಹುದು. ಶುರುವಿನಲ್ಲಿ ಪ್ರತಿ ಹೆಜ್ಜೆಯೂ ಕಣ್ಣಿಗೆ ಕಾಣುವುದೇ ಮುಖ್ಯ.

ಈಗ 0.1 ತೆಗೆದು 1 ಸೆಕೆಂಡ್ ಹಾಕಿ ನೋಡಿ. ಮೊದಲ ಹೆಜ್ಜೆಯಲ್ಲಿ ವೇಗ 9.78. ಎರಡನೆಯದರಲ್ಲಿ −2.6! ಹನಿ ಮೋಡದ ಕಡೆಗೆ ವಾಪಸ್ ಹೊರಟಿದೆ. ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಡಲ್ಲ, ಸುಮ್ನೆ ಲೆಕ್ಕ ಮಾಡುತ್ತಾ ಹೋಗುತ್ತದೆ. ಇದು ತಪ್ಪು ಎಂದು ಗುರುತಿಸಬೇಕಾದವರು ಭೌತಶಾಸ್ತ್ರ ಓದಿದ ನಾವು.

ಹಾಗಾದರೆ 0.1 ಸಾಕಷ್ಟು ಚಿಕ್ಕದೇ? ಹೆಜ್ಜೆಯನ್ನು ಅರ್ಧ ಮಾಡಿ ನೋಡಿ. 0.3 ಸೆಕೆಂಡಿನಲ್ಲಿ 2.83 ಇದ್ದದ್ದು 2.79 ಆಗುತ್ತದೆ. ಅದೃಷ್ಟಕ್ಕೆ ಈ ಲೆಕ್ಕಕ್ಕೆ ಕಾಗದದ ಮೇಲೂ ಉತ್ತರ ಸಿಗುತ್ತದೆ: 2.75. ಹೆಜ್ಜೆ ಅರ್ಧವಾದಾಗ ತಪ್ಪೂ ಅರ್ಧವಾಗಿದೆ. ಉತ್ತರ ಗೊತ್ತಿರುವ ಲೆಕ್ಕದಿಂದ ಶುರು ಮಾಡಿ ಎನ್ನುವುದು ಇದಕ್ಕೇ.

ಮೇಲಕ್ಕೆ ಎಸೆದ ಚೆಂಡಿಗೂ ಇದೇ ಹಾಳೆ ಬಳಸಬಹುದು. ಆದರೆ ಮೇಲೆ ಹೋಗುವಾಗ ವೇಗ ಋಣ ಸಂಖ್ಯೆ, ಅದರ ವರ್ಗ ಮಾತ್ರ ಧನ. ಹಾಗೇ ಬಿಟ್ಟರೆ ಗಾಳಿ ಚೆಂಡನ್ನು ತಡೆಯುವ ಬದಲು ಮೇಲಕ್ಕೆ ತಳ್ಳುತ್ತದೆ. ಚಿಹ್ನೆ ಸರಿಪಡಿಸಿ, ಚೆಂಡಿಗೆ ತಕ್ಕ ಅಂಕಿ ಹಾಕಿಕೊಂಡು ಮಾಡಿ ನೋಡಿ.