ಗಿಡದ ಕೋಶದೊಳಗೆ ಯಾರು ಯಾರನ್ನು ಎಳೆಯುತ್ತಾರೆ?

ಪರೀಕ್ಷೆಯಲ್ಲಿ ಮೋಟಾರ್ ಪ್ರೋಟೀನ್ (ಕೋಶದೊಳಗೆ ಸಾಮಾನು ಎಳೆಯುವ ಪ್ರೋಟೀನ್) ಬಗ್ಗೆ ಬರೆಯಿರಿ ಅಂದ್ರೆ ನಮ್ಮಲ್ಲಿ ಬಹಳ ಜನ ಒಂದೇ ಚಿತ್ರ ಬಿಡಿಸುತ್ತಾರೆ: ಮೈಕ್ರೋಟ್ಯೂಬ್ಯೂಲ್ ಎಂಬ ಸಣ್ಣ ಕೊಳವೆಯ ಮೇಲೆ ಗಂಟು ಹೊತ್ತು ನಡೆಯುವ ಕೈನೆಸಿನ್ ಎಂಬ ಮೋಟಾರ್. ಪ್ರಾಣಿಕೋಶಕ್ಕೆ ಅದು ಸರಿ. ಆದರೆ ಗಿಡದ ಕೋಶದಲ್ಲಿ ದೂರದ ಸಾಗಾಟ ಬಹುಪಾಲು ನಡೆಯುವುದು ಆಕ್ಟಿನ್ ಎಂಬ ಪ್ರೋಟೀನಿನ ತೆಳು ಎಳೆಗಳ ಮೇಲೆ. ಅಲ್ಲಿ ನಡೆಯುವುದು ಮಯೋಸಿನ್ ಎಂಬ ಇನ್ನೊಂದು ಮೋಟಾರ್. ಇದೊಂದನ್ನು ಗಟ್ಟಿ ಮಾಡಿಕೊಳ್ಳಿ, ಉಳಿದದ್ದು ಸಲೀಸು.

ನನಗೆ ಇದು ಅರ್ಥವಾಗಿದ್ದು ಹೈಡ್ರಿಲ್ಲಾ ಎಂಬ ನೀರುಗಿಡದ ಎಲೆ ನೋಡಿದ ಮೇಲೆ. ಕಲಬುರಗಿಯಲ್ಲೂ ಡಿಸೆಂಬರ್ ಬೆಳಗಿನ ಹೊತ್ತು ಚಳಿ ಇರುತ್ತದೆ. ಅಂಥ ಒಂದು ದಿನ ಸ್ಲೈಡ್ ಇಟ್ಟು ಕೂತರೆ ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಒಂದೂ ಅಲುಗಲಿಲ್ಲ. ಲ್ಯಾಬಿನ ಕಾಕಾ ನೋಡಿ, "ಸ್ವಲ್ಪ ಬಿಸಲಾಗ ಇಡು ತಮ್ಮಾ, ತಾನ ಏಳ್ತಾವ" ಅಂದರು. ಹತ್ತು ನಿಮಿಷ ಕಿಟಕಿಯ ಬಿಸಿಲಲ್ಲಿಟ್ಟು ಮತ್ತೆ ನೋಡಿದೆ. ನಡುನರದ ಪಕ್ಕದ ಉದ್ದ ಕೋಶದಲ್ಲಿ ಒಂದು ಹಸಿರು ಚುಕ್ಕೆ ಸರಿಯಿತು. ಅದರ ಹಿಂದೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಸಾಲುಸಾಲಾಗಿ ಗೋಡೆಗುಂಟ ಒಂದೇ ದಿಕ್ಕಿಗೆ ಸುತ್ತತೊಡಗಿದವು. ನಡುವಿನ ದೊಡ್ಡ ರಸದಾನಿಯನ್ನು (ವ್ಯಾಕ್ಯೂಲ್) ಪ್ರದಕ್ಷಿಣೆ ಹಾಕುವ ಹಾಗೆ. ಬೆಳಕು, ಬಿಸಿ ಎರಡೂ ಈ ಹರಿವನ್ನು ಚುರುಕು ಮಾಡುತ್ತವೆ.

ಕ್ಲೋರೋಪ್ಲಾಸ್ಟ್ ತಾನೇ ಈಜುತ್ತಿಲ್ಲ, ನೆನಪಿರಲಿ. ಮಯೋಸಿನ್‌ನ ತಲೆ ಎಟಿಪಿ ಎಂಬ ಶಕ್ತಿಯ ಅಣುವನ್ನು ಒಡೆದು ಆಕ್ಟಿನ್ ಮೇಲೆ ಹೆಜ್ಜೆ ಇಡುತ್ತದೆ, ಒಂದು ಹೆಜ್ಜೆ ಸುಮಾರು 35 ನ್ಯಾನೋಮೀಟರ್. ಬಾಲದ ಕಡೆ ಕಣಕಗಳು (ಕೋಶದ ಪುಟ್ಟ ಅಂಗಗಳು), ಪೊರೆಗಳು ಅಂಟಿಕೊಂಡಿರುತ್ತವೆ. ಅವು ಸರಿದಾಗ ಸುತ್ತಲಿನ ಕೋಶರಸವೂ (ಸೈಟೋಪ್ಲಾಸಂ) ಸರಿಯುತ್ತದೆ. ಶರಣಬಸವೇಶ್ವರರ ತೇರಿನ ದಿನ ನೋಡಿರುತ್ತೀರಿ ಅಲ್ವಾ? ಹಗ್ಗ ಹಿಡಿದು ಎಳೆಯುವವರು ಕೆಲವರೇ. ಆದರೂ ಗುಂಪಿನಲ್ಲಿ ಸುಮ್ನೆ ನಿಂತವರೂ ಮುಂದೆ ಹೋಗಿರುತ್ತಾರೆ.

ಸಾಕ್ಷಿ ಏನು? ಸೈಟೋಕಲಾಸಿನ್ ಹಾಕಿ ಆಕ್ಟಿನ್ ಕೆಡಿಸಿದರೆ ಹರಿವು ನಿಲ್ಲುತ್ತದೆ. ಕಾಲ್ಚಿಸಿನ್ ಹಾಕಿ ಮೈಕ್ರೋಟ್ಯೂಬ್ಯೂಲ್ ಕೆಡಿಸಿದರೆ ಹರಿವು ನಡೆದೇ ಇರುತ್ತದೆ. ಪರೀಕ್ಷೆಯಲ್ಲಿ ಈ ಎರಡು ವಾಕ್ಯ ಬರೆಯದೆ ಬರಬೇಡಿ.

ಇಷ್ಟೆಲ್ಲ ಯಾಕೆ ಬೇಕು ಅನ್ನುವುದಕ್ಕೆ ಒಂದು ಲೆಕ್ಕ. ನೀರಿನಲ್ಲಿ ಸಕ್ಕರೆಯ ಅಣು ತಾನಾಗಿ ಹರಡಿ 10 ಮೈಕ್ರೋಮೀಟರ್ ದಾಟಲು ಸುಮಾರು 0.1 ಸೆಕೆಂಡ್ ಸಾಕು. ದೂರ ಸಾವಿರ ಪಟ್ಟಾದರೆ ಹೊತ್ತು ಹತ್ತು ಲಕ್ಷ ಪಟ್ಟು. ಅಂದ್ರೆ 1 ಸೆಂಟಿಮೀಟರ್‌ಗೆ ಒಂದು ದಿನಕ್ಕಿಂತ ಜಾಸ್ತಿ. ಕಾರಾ ಎಂಬ ಪಾಚಿಯಲ್ಲಿ ಒಂದೇ ಕೋಶ ಕೆಲವು ಸೆಂಟಿಮೀಟರ್ ಉದ್ದ. ಅದು ಬದುಕುವುದು ಹೇಗೆ? ಅದರ ಕೋಶರಸ ಸೆಕೆಂಡಿಗೆ 60 ಮೈಕ್ರೋಮೀಟರ್ ವೇಗದಲ್ಲಿ ಹರಿದರೂ 1 ಸೆಂಟಿಮೀಟರ್‌ಗೆ ಮೂರು ನಿಮಿಷ ಬೇಡ. 1774ರಲ್ಲಿ ಇಟಲಿಯ ಬೊನಾವೆಂಚೂರಾ ಕೋರ್ಟಿ ಈ ಹರಿವನ್ನು ಕಂಡದ್ದೂ ಕಾರಾದಲ್ಲೇ. ನಮ್ಮ ಸ್ನಾಯುವಿನ ಮಯೋಸಿನ್‌ಗಿಂತ ಕಾರಾದ ಮಯೋಸಿನ್ ಹಲವು ಪಟ್ಟು ವೇಗ.

2013ರಲ್ಲಿ ಜಪಾನಿನ ಸಂಶೋಧಕರು ಅರಾಬಿಡಾಪ್ಸಿಸ್ ಎಂಬ, ಲ್ಯಾಬಿನಲ್ಲಿ ಬೆಳೆಸುವ ಸಣ್ಣ ಗಿಡದ ಮಯೋಸಿನ್‌ಗೆ ಕಾರಾದ ವೇಗದ ತಲೆ ಜೋಡಿಸಿದರು. ಗಿಡ ದೊಡ್ಡದಾಯಿತು. ನಿಧಾನದ ತಲೆ ಜೋಡಿಸಿದಾಗ ಚಿಕ್ಕದಾಯಿತು. ಈ ಪ್ರಯೋಗ ನನಗೆ ಭಾಳ ಇಷ್ಟ. ಒಳಗಿನ ಹರಿವಿಗೂ ಹೊರಗಿನ ಬೆಳವಣಿಗೆಗೂ ಇರುವ ನಂಟು ಕಣ್ಣಿಗೇ ಕಾಣುತ್ತದೆ.

ಕೈನೆಸಿನ್ ಗಿಡದಲ್ಲಿ ಇಲ್ಲವೇ ಇಲ್ಲ ಅಂತ ಬರೆಯಬೇಡಿ. ಅರಾಬಿಡಾಪ್ಸಿಸ್‌ನಲ್ಲಿ 61 ಕೈನೆಸಿನ್ ಜೀನ್‌ಗಳಿವೆ, ಮಯೋಸಿನ್ 17 ಮಾತ್ರ. ಕೋಶ ಎರಡಾಗುವಾಗ, ನಡುವೆ ಹೊಸ ಗೋಡೆ ಕಟ್ಟುವಾಗ ಕೈನೆಸಿನ್‌ಗೆ ಕೈತುಂಬ ಕೆಲಸ. ಇಲ್ಲದಿರುವುದು ಡೈನೀನ್, ಪ್ರಾಣಿಕೋಶದಲ್ಲಿ ಮೈಕ್ರೋಟ್ಯೂಬ್ಯೂಲ್ ಮೇಲೆ ಬಹುಪಾಲು ಕೈನೆಸಿನ್‌ಗಳಿಗೆ ಎದುರು ದಿಕ್ಕಿಗೆ ನಡೆಯುವ ಮೋಟಾರ್. ಹೂಬಿಡುವ ಗಿಡಗಳಲ್ಲಿ ಅದು ಇಲ್ಲ. ಅದು ನಡೆಯುವ ದಿಕ್ಕಿಗೆ ಕೈನೆಸಿನ್-14 ಗುಂಪಿನವು ನಡೆಯುತ್ತವೆ.

ಇನ್ನೊಂದು ಉದಾಹರಣೆ ನಮ್ಮ ಹೊಲದಲ್ಲೇ ಇದೆ. ತೊಗರಿ ಹೂವಿನ ಶಲಾಕಾಗ್ರದ (ಹೂವಿನ ಹೆಣ್ಣು ಭಾಗದ ತುದಿಯ) ಮೇಲೆ ಪರಾಗ ಬಿದ್ದರೆ ಅದರಿಂದ ಒಂದು ನಾಳ ಹೊರಟು ಕೆಳಗಿಳಿಯುತ್ತದೆ. ಅದರ ತುದಿ ಬೆಳೆಯಲು ಗೋಡೆಯ ಸಾಮಾನು ತುಂಬಿದ ಸಣ್ಣ ಚೀಲಗಳು ಬೇಕು. ಅವು ಹೋಗುವುದು ಆಕ್ಟಿನ್ ಹಾದಿಯಲ್ಲಿ, ಮಯೋಸಿನ್ ಜೊತೆ. ಗಂಡು ಕೋಶಗಳಿಗೆ ಈಜಲು ಬಾಲವಿಲ್ಲ, ಅವು ಈ ನಾಳದೊಳಗೇ ಹೋಗಬೇಕು. ನಾಲ್ಕು ಕಾಳಿರುವ ಒಂದು ತೊಗರಿಕಾಯಿ ಬಿಡಿಸಿದಿರಿ ಅಂದ್ರೆ, ಕಡಿಮೆ ಎಂದರೂ ನಾಲ್ಕು ನಾಳಗಳು ಅಂಡಾಣುವಿನ ತನಕ ಮುಟ್ಟಿವೆ.