ಮಸಾಲೆ ಡಬ್ಬಿಗೆ ಎಥಿಲೀನ್ ಆಕ್ಸೈಡ್ ಬಂದ ದಾರಿ

ಏಪ್ರಿಲ್ 2024ರಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ಭಾರತದ ಕೆಲವು ಮಸಾಲೆ ಪುಡಿಗಳ ಮಾರಾಟಕ್ಕೆ ತಡೆ ಹಾಕಿದವು. ಅವುಗಳಲ್ಲಿ ರೋಗಾಣು ಕೊಲ್ಲುವ ಎಥಿಲೀನ್ ಆಕ್ಸೈಡ್ ಎಂಬ ಗ್ಯಾಸ್ ಸಿಕ್ಕಿದೆ ಅಂದವು. ಕಂಪನಿಗಳು ಒಪ್ಪಲಿಲ್ಲ. ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ಬ್ಯಾಡಗಿ ಮೆಣಸಿನಕಾಯಿ ತಂದು ಸಾರಿನ ಪುಡಿ ಮಾಡಿಕೊಳ್ಳುವ ಮುಂಬೈ ಕನ್ನಡಿಗರಿಗೆ ಇದು ದೂರದ ಸುದ್ದಿ ಅಲ್ಲ, ಅಲ್ವಾ?

ಈ ಗ್ಯಾಸ್ ಹೊಸದೇನಲ್ಲ. 1859ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಶಾರ್ಲ್ ವುರ್ಟ್ಸ್ ಕ್ಲೋರಿನ್ ಇರುವ 2-ಕ್ಲೋರೋಎಥನಾಲ್‌ಗೆ ಕ್ಷಾರ ಬೆರೆಸಿ ಇದನ್ನು ಮೊದಲು ತಯಾರಿಸಿದರು. ಎರಡು ಕಾರ್ಬನ್, ಒಂದು ಆಮ್ಲಜನಕ ಸೇರಿದ ತ್ರಿಕೋನದ ಉಂಗುರ ಇರುವ ವಸ್ತುಗಳಿಗೆ ಎಪಾಕ್ಸೈಡ್ ಅಂತಾರೆ. ಆ ಕುಟುಂಬದಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು. ಇಂಥ ಕಾರ್ಬನ್ನಿನ ಬಂಧಗಳಿಗೆ ಸುಮಾರು 109 ಡಿಗ್ರಿ ಕೋನ ಹಿತ. ಇಲ್ಲಿ ಅವು 60 ಡಿಗ್ರಿಗೆ ಮುದುಡಿ ಕೂತಿವೆ. ಹಾಗಾಗಿ ಬಿಚ್ಚಿಕೊಳ್ಳಲು ನೆಪ ಕಾಯುತ್ತಿರುತ್ತವೆ. ನೀರಿನ ಜೊತೆ ಬಿಚ್ಚಿಕೊಂಡರೆ ಎಥಿಲೀನ್ ಗ್ಲೈಕಾಲ್, ಅಂದರೆ ಪಾಲಿಯೆಸ್ಟರ್ ಬಟ್ಟೆಯ ಕಚ್ಚಾವಸ್ತು. ಮಳೆಗಾಲದಲ್ಲಿ ಸೋರುವ ಪೈಪಿಗೆ ನಾವು ಮೆತ್ತುವ ಎಂ-ಸೀಲ್ ಗಟ್ಟಿಯಾಗುವುದೂ ಇದೇ ಜಾತಿಯ ಉಂಗುರ ಬಿಚ್ಚಿಕೊಂಡೇ.

1931ರಲ್ಲಿ ಥಿಯೋಡೋರ್ ಲೆಫೋರ್ ಬೆಳ್ಳಿಯ ವೇಗವರ್ಧಕ ಬಳಸಿ, ಎಥಿಲೀನನ್ನು ನೇರವಾಗಿ ಆಮ್ಲಜನಕದ ಜೊತೆ ಸೇರಿಸಿ ಈ ಗ್ಯಾಸ್ ಮಾಡುವ ದಾರಿ ಕಂಡುಕೊಂಡರು. ಮುಂದೆ ಕಾರ್ಖಾನೆಗಳು ಹಿಡಿದಿದ್ದು ಅದೇ ದಾರಿ.

ಮಸಾಲೆಗೆ ಇದನ್ನು ತಂದವರು ಷಿಕಾಗೋದ ಲಾಯ್ಡ್ ಹಾಲ್ ಮತ್ತು ಅವರ ಸಂಗಡಿಗರು. ಅದು 1930ರ ದಶಕ. ಮಸಾಲೆಯನ್ನು ಕುದಿಸಿದರೆ ಪರಿಮಳ ಹೋಗುತ್ತದೆ. ಈ ದ್ರವ 11 ಡಿಗ್ರಿ ಆಸುಪಾಸಿನಲ್ಲೇ ಗ್ಯಾಸ್ ಆಗುತ್ತದೆ. ಗಾಳಿ ತೆಗೆದ ಕೋಣೆಗೆ ಬಿಟ್ಟರೆ ಸಂದುಗೊಂದಿಗೂ ನುಗ್ಗುತ್ತದೆ. ಸೂಕ್ಷ್ಮಜೀವಿಯ ಪ್ರೋಟೀನ್‌ಗೆ, ಡಿಎನ್ಎಗೆ ಅಂಟಿಕೊಂಡು ಕೊಲ್ಲುತ್ತದೆ. ಆಸ್ಪತ್ರೆಯ ಪ್ಲಾಸ್ಟಿಕ್ ಸಿರಿಂಜ್ ಇಂದಿಗೂ ಹೀಗೇ ಶುದ್ಧವಾಗುವುದುಂಟು.

ತೊಂದರೆಯೂ ಅಲ್ಲೇ ಇದೆ. ನಮ್ಮ ಡಿಎನ್ಎ ಬೇರೆ, ರೋಗಾಣುವಿನದು ಬೇರೆ ಅಂತ ಅದಕ್ಕೆ ಗೊತ್ತಿಲ್ಲ. 1994ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಯುರೋಪ್ 1991ರಲ್ಲೇ ಬೆಳೆ ಮತ್ತು ದಾಸ್ತಾನಿಗೆ ಇದರ ಬಳಕೆ ನಿಷೇಧಿಸಿತ್ತು. ಆದರೆ ಅಮೆರಿಕ ಒಣ ಮಸಾಲೆಯಲ್ಲಿ 7 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಭಾಗಕ್ಕೆ 7 ಭಾಗದವರೆಗೆ, ಒಪ್ಪಿತು. ಒಂದು ಬಂದರಿನಲ್ಲಿ ಪಾಸಾದ ಮಾಲು ಇನ್ನೊಂದರಲ್ಲಿ ಫೇಲ್! 2020ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂ ಭಾರತದ ಎಳ್ಳಿನ ಬಗ್ಗೆ ಎಚ್ಚರಿಸಿದ್ದು ಇದಕ್ಕೇ.

ಗ್ಯಾಸ್ ಹಾರಿಹೋಗುತ್ತದೆ, ಮತ್ತೆ ಪತ್ತೆ ಹೇಗೆ? ಅದು ಆಹಾರದಲ್ಲಿರುವ ಕ್ಲೋರೈಡ್ ಜೊತೆ ಸೇರಿ ಪುನಃ 2-ಕ್ಲೋರೋಎಥನಾಲ್ ಆಗುತ್ತದೆ. ವುರ್ಟ್ಸ್ ಹೊರಟಿದ್ದೇ ಅಲ್ಲಿಂದ. ಯುರೋಪಿನ ಲ್ಯಾಬ್‌ಗಳು ಎರಡನ್ನೂ ಕೂಡಿಸಿ ಲೆಕ್ಕ ಹಿಡಿಯುತ್ತವೆ.

ಬದಲಿ ದಾರಿಗಳಿವೆ. ಹಬೆ ಹಾಯಿಸಬಹುದು, ಆದರೆ ಬಣ್ಣ, ಘಮ ಸ್ವಲ್ಪ ಇಳಿಯುತ್ತವೆ. ಬ್ಯಾಡಗಿಯನ್ನು ಬಣ್ಣಕ್ಕಾಗಿಯೇ ಕೊಳ್ಳುವವರಿಗೆ ಅದು ಸಣ್ಣ ನಷ್ಟ ಅಲ್ಲ. ಇನ್ನೊಂದು ಗಾಮಾ ಕಿರಣ. ಅದರ ಸರ್ಕಾರಿ ಘಟಕ 2000ದಿಂದ ವಾಶಿಯಲ್ಲೇ ಇದೆ. ಕೋಬಾಲ್ಟ್-60 ಬಳಸುತ್ತದೆ. ವಿಕಿರಣ ಅಂದಕೂಡಲೇ ಜನ ಸುಮ್ನೆ ಹೆದರುತ್ತಾರೆ. ಮಸಾಲೆಯೇನೂ ವಿಕಿರಣ ಸೂಸುವುದಿಲ್ಲ, ಅದರಲ್ಲಿ ಗ್ಯಾಸಿನ ಶೇಷವೂ ಉಳಿಯುವುದಿಲ್ಲ. ಆದರೆ ಪೊಟ್ಟಣದ ಮೇಲೆ ವಿಕಿರಣ ಹಾಯಿಸಿದ್ದನ್ನು ತಿಳಿಸುವ ಹಸಿರು ರಾಡುರಾ ಗುರುತು ಹಾಕಲೇಬೇಕು.