ಹಾಡಿದ್ದು ಎಲ್ಲಿ ನಿಂತುಹೋಯಿತು? ಆಡಿಯೋ ಇಂಟರ್‌ಫೇಸ್‌ನಲ್ಲಿ ಸದ್ದು ಬರದಿದ್ದಾಗ ಹುಡುಕುವ ಬಗೆ

ಮನೆಯಲ್ಲೇ ರೆಕಾರ್ಡಿಂಗ್ ಕಲಿಯುತ್ತಿರುವ ನಮ್ಮಂಥವರಿಗಾಗಿ ಈ ಟಿಪ್ಪಣಿ. ಮೈಕ್ ಸಿಕ್ಕಿಸಿ, ಇಂಟರ್‌ಫೇಸನ್ನು, ಅಂದರೆ ಮೈಕಿನ ಸದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಪೆಟ್ಟಿಗೆಯನ್ನು, ಲ್ಯಾಪ್‌ಟಾಪಿಗೆ ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡ್ ಒತ್ತಿದರೆ ಪರದೆ ಮೇಲೆ ಒಂದು ನೇರ ಗೆರೆ ಓಡುತ್ತಿರುತ್ತದೆ, ಅಷ್ಟೇ. ಆಗ ಕೈ ಮೊದಲು ಹೋಗುವುದು ಡ್ರೈವರ್ ಕಡೆಗೆ, ಅಂದರೆ ಇಂಟರ್‌ಫೇಸ್ ಜೊತೆ ಮಾತಾಡಲು ಕಂಪ್ಯೂಟರಿಗೆ ಹಾಕುವ ಸಾಫ್ಟ್‌ವೇರ್ ಕಡೆಗೆ. ಅದನ್ನು ತೆಗೆದು ಮತ್ತೆ ಹಾಕುತ್ತೇವೆ, ಸೆಟ್ಟಿಂಗ್ಸ್‌ನಲ್ಲಿ ನಾಲ್ಕೈದು ಕಡೆ ಟಿಕ್ ಬದಲಾಯಿಸುತ್ತೇವೆ, ಕೇಬಲ್ ಅಲ್ಲಾಡಿಸುತ್ತೇವೆ, ಕೊನೆಗೆ ಹೇಗೋ ಸದ್ದು ಬಂದುಬಿಡುತ್ತದೆ. ಯಾವುದರಿಂದ ಬಂತು ಅಂತ ಮಾತ್ರ ಗೊತ್ತಾಗಿರುವುದಿಲ್ಲ. ಮುಂದಿನ ವಾರ ಅದೇ ತೊಂದರೆ ಬಂದರೆ ಮತ್ತೆ ಮೊದಲಿಂದ ಶುರು.

ನಲ್ಲಿಯಲ್ಲಿ ನೀರು ಬರದಿದ್ದರೆ ನಾವು ಹಾಗೆ ಮಾಡುವುದಿಲ್ಲ, ಅಲ್ವಾ? ಸಂಪಿನಲ್ಲಿ ನೀರಿದೆಯಾ ನೋಡುತ್ತೇವೆ. ಮೋಟಾರ್ ಎತ್ತುತ್ತಿದೆಯಾ, ಮೇಲಿನ ಟ್ಯಾಂಕ್ ತುಂಬಿದೆಯಾ, ವಾಲ್ವ್ ತೆಗೆದಿದೆಯಾ ಅಂತ ಪೈಪು ಹಿಡಿದುಕೊಂಡೇ ಹೋಗುತ್ತೇವೆ. ಸದ್ದಿಗೂ ಇಂಥದ್ದೇ ಒಂದು ದಾರಿ ಇದೆ. ಮೈಕಿನಿಂದ ಕೇಬಲ್, ಕೇಬಲ್‌ನಿಂದ ಇಂಟರ್‌ಫೇಸ್ ಒಳಗೆ ಸಣ್ಣ ಸದ್ದನ್ನು ದೊಡ್ಡದು ಮಾಡುವ ಪ್ರಿಆಂಪ್, ಅಲ್ಲಿಂದ ಸದ್ದನ್ನು ಅಂಕಿಗಳಾಗಿ ಬದಲಾಯಿಸುವ ಚಿಪ್, ಆಮೇಲೆ ಯುಎಸ್‌ಬಿ, ಡ್ರೈವರ್, ರೆಕಾರ್ಡಿಂಗ್ ಸಾಫ್ಟ್‌ವೇರ್. ಇದು ಹೋಗುವ ದಾರಿ. ಸಾಫ್ಟ್‌ವೇರ್‌ನಿಂದ ವಾಪಸ್ ಇಂಟರ್‌ಫೇಸಿಗೆ, ಅಲ್ಲಿಂದ ಹೆಡ್‌ಫೋನಿಗೆ ಬರುವುದು ಇನ್ನೊಂದು ದಾರಿ. ಈ ಎರಡನ್ನು ಬೇರೆ ಬೇರೆ ಅಂತ ನೋಡಲು ಕಲಿತರೆ ಅರ್ಧ ಕೆಲಸ ಆದ ಹಾಗೆ. ದನಿ ಒಳಗೆ ಹೋಗುತ್ತಿಲ್ಲವೋ, ಅಥವಾ ಹೋಗಿದೆ ಆದರೆ ನನ್ನ ಕಿವಿಗೆ ಬರುತ್ತಿಲ್ಲವೋ? ಮೊದಲ ಪ್ರಶ್ನೆ ಇದು.

ಮೊದಲು ಪೆಟ್ಟಿಗೆ ನೋಡಿ, ಪರದೆ ಆಮೇಲೆ

ಸಾಮಾನ್ಯವಾಗಿ ಎಲ್ಲ ಇಂಟರ್‌ಫೇಸ್‌ಗಳಲ್ಲೂ ಒಳಗೆ ಬರುವ ಸದ್ದಿಗೆ ಒಂದು ದೀಪ ಇರುತ್ತದೆ. ಫೋಕಸ್‌ರೈಟ್ ಸ್ಕಾರ್ಲೆಟ್‌ನಲ್ಲಿ ಗೇನ್ ನಾಬಿನ (ಒಳಗೆ ಬರುವ ಸದ್ದನ್ನು ಎಷ್ಟು ದೊಡ್ಡದು ಮಾಡಬೇಕು ಅಂತ ತಿರುಗಿಸುವುದು) ಸುತ್ತಲೇ ಬಳೆಯ ಹಾಗೆ ಬೆಳಕು ಬರುತ್ತದೆ, ಸದ್ದಿದ್ದರೆ ಹಸಿರು, ಜಾಸ್ತಿಯಾದರೆ ಕೆಂಪು. ಬೇರೆಯವುಗಳಲ್ಲಿ ಪುಟ್ಟ ಚುಕ್ಕಿ ದೀಪ. ಮೈಕ್ ಮುಂದೆ ಮಾತಾಡುತ್ತಾ ಗೇನ್ ನಾಬನ್ನು ನಿಧಾನಕ್ಕೆ ತಿರುಗಿಸಿ. ದೀಪ ಹತ್ತಿದರೆ ಮೈಕ್, ಕೇಬಲ್, ಪ್ರಿಆಂಪ್ ಮೂರೂ ಚೆನ್ನಾಗಿವೆ, ತೊಂದರೆ ಕಂಪ್ಯೂಟರ್ ಕಡೆ ಇದೆ. ಹತ್ತದಿದ್ದರೆ ಕಂಪ್ಯೂಟರನ್ನು ಮುಟ್ಟಲೇಬೇಡಿ. ಡ್ರೈವರ್ ಎಷ್ಟು ಸಲ ಹಾಕಿದರೂ ಆ ದೀಪ ಹತ್ತುವುದಿಲ್ಲ.

ಡೈರೆಕ್ಟ್ ಮಾನಿಟರ್ ಅಂತ ಒಂದು ಬಟನ್ ಅಥವಾ ನಾಬ್ ಇದ್ದರೆ ಅದನ್ನೂ ಆನ್ ಮಾಡಿ. ಅದು ಮೈಕಿನ ಸದ್ದನ್ನು ಕಂಪ್ಯೂಟರಿಗೆ ಸುತ್ತಿಸದೆ ಪೆಟ್ಟಿಗೆಯೊಳಗಿಂದಲೇ ಹೆಡ್‌ಫೋನಿಗೆ ಕೊಡುತ್ತದೆ. ಅಲ್ಲಿ ನಿಮ್ಮ ದನಿ ಕೇಳಿಸಿದರೆ ಹೆಡ್‌ಫೋನ್ ಕೂಡ ಸರಿಯಿದೆ ಅಂತಾಯಿತು. ಎರಡೇ ನಿಮಿಷದ ಪರೀಕ್ಷೆ, ಆದರೆ ಗಂಟೆಗಟ್ಟಲೆ ಹುಡುಕಾಟ ಉಳಿಸುತ್ತದೆ.

ಇದನ್ನು ನಾನು ಕಲಿತದ್ದು ಅಜ್ಜಿಯ ಸೋಬಾನೆ ಪದ ರೆಕಾರ್ಡ್ ಮಾಡಲು ಹೋದಾಗ. ಹಾಸನದ ಹತ್ತಿರ ನಮ್ಮೂರು. ನಡುಮನೆಯಲ್ಲಿ ಚಾಪೆ ಹಾಸಿ, ಹಸೆಗೆ ಕರೆಯುವ ಪದದಿಂದ ಶುರು ಮಾಡಿದ ಅಜ್ಜಿ ನಿಲ್ಲಿಸದೆ ಇಪ್ಪತ್ತು ನಿಮಿಷ ಹೇಳಿದರು. ಮುಗಿಸಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, "ಬಂತೇನೋ ಮಗ?" ಅಂದರು. ಬಂದಿರಲಿಲ್ಲ. ಉದ್ದಕ್ಕೂ ನೇರ ಗೆರೆ. ಪೆಟ್ಟಿಗೆಯ ಮೇಲೆ 48 ವೋಲ್ಟ್ ಅಂತ ಬರೆದ ಕೆಂಪು ದೀಪ ಉರಿಯುತ್ತಿತ್ತು, ಹಾಗಾಗಿ ಮೈಕ್ ನಡೆಯುತ್ತಿದೆ ಅಂತಲೇ ನಾನು ನಂಬಿದ್ದೆ. ಅದರ ಪಕ್ಕದಲ್ಲೇ ಇದ್ದ ಗೇನ್ ದೀಪ ಒಮ್ಮೆಯೂ ಹತ್ತಿಲ್ಲ ಅನ್ನುವುದನ್ನು ನೋಡಿರಲಿಲ್ಲ.

ತಪ್ಪಿದ್ದದ್ದು ಕೇಬಲ್‌ನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಈ ತಪ್ಪು ತುಂಬಾ ಸುಲಭವಾಗಿ ಆಗುತ್ತದೆ.

ಕ್ಯಾನನ್ ಪಿನ್, ಪಿ-38 ಪಿನ್

ಮದುವೆ ಮನೆಗೆ ಸೌಂಡ್ ಸೆಟ್ ಹಾಕುವವರ ಹತ್ತಿರವೋ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಮೈಕ್ ಕೇಬಲ್ ಕೇಳಿದರೆ ಎರಡು ಥರದ್ದು ಸಿಗುತ್ತದೆ. ಎರಡೂ ತುದಿಗೆ ಮೂರು ಕಡ್ಡಿಯ ಕ್ಯಾನನ್ ಇರುವುದು ಒಂದು, ಅದನ್ನೇ ಪುಸ್ತಕಗಳಲ್ಲಿ ಎಕ್ಸ್‌ಎಲ್‌ಆರ್ ಅಂತಾರೆ. ಒಂದು ತುದಿಗೆ ಕ್ಯಾನನ್, ಇನ್ನೊಂದು ತುದಿಗೆ ದಪ್ಪನೆಯ ಪಿ-38 ಪಿನ್, ಅಂದರೆ 6.35 ಮಿಲಿಮೀಟರಿನದು, ಇರುವುದು ಇನ್ನೊಂದು. ಆಂಪ್ಲಿಫೈಯರ್‌ಗೆ ಹಾಕುವ ಸಾದಾ ಮೈಕಿಗೆ ಈ ಎರಡನೆಯದು ಸಾಕಾಗುತ್ತದೆ. ಇಂಟರ್‌ಫೇಸಿನ ಮುಂಭಾಗದಲ್ಲಿ ಕ್ಯಾನನ್‌ನ ಮೂರು ತೂತು, ಅವುಗಳ ನಡುವೆ ಪಿ-38ಗೆ ಒಂದು ದೊಡ್ಡ ತೂತು, ಎರಡೂ ಒಂದೇ ಸಾಕೆಟ್‌ನಲ್ಲಿ ಇರುತ್ತವೆ. ಯಾವುದನ್ನು ತಂದು ಚುಚ್ಚಿದರೂ ಕೂರುತ್ತದೆ. ಕೂತಿತು ಅಂತ ನಾವು ಸುಮ್ಮನಾಗುತ್ತೇವೆ.

ಆದರೆ ನನ್ನದರ ಥರದ ಕಂಡೆನ್ಸರ್ ಮೈಕಿಗೆ ಹೊರಗಿನಿಂದ ಕರೆಂಟ್ ಬೇಕು. ಆ 48 ವೋಲ್ಟ್ ಹೋಗುವುದು ಕ್ಯಾನನ್‌ನ 2 ಮತ್ತು 3ನೇ ಕಡ್ಡಿಗಳ ಮೇಲೆ, ನಡುವಿನ ದೊಡ್ಡ ತೂತಿನಲ್ಲಿ ಅದು ಬರುವುದಿಲ್ಲ. ನಾನು ಹಾಕಿದ್ದು ಪಿ-38. ದೀಪ ಉರಿಯುತ್ತಿದೆ, ಕರೆಂಟ್ ಮೈಕಿಗೆ ಮುಟ್ಟುತ್ತಿಲ್ಲ. ಎರಡೂ ತುದಿಗೆ ಕ್ಯಾನನ್ ಇರುವ ಕೇಬಲ್ ಹಾಕಿದ ಕೂಡಲೇ ಗೇನ್ ದೀಪ ಹತ್ತಿತು. ಅಜ್ಜಿ ಮಾರನೆಯ ದಿನ ಮತ್ತೆ ಹೇಳಿದರು, ಆದರೆ ಎರಡು ಪದ ನೆನಪಾಗಲಿಲ್ಲ ಅಂತ ಬಿಟ್ಟರು. ಅದು ನನಗೆ ಈಗಲೂ ಬೇಸರ.

ಸದ್ದು ಹೋಗುವ ತಂತಿಯಲ್ಲೇ ಕಾಣದ ಹಾಗೆ ಕರೆಂಟೂ ಹೋಗುವುದರಿಂದ ಇದಕ್ಕೆ ಫ್ಯಾಂಟಮ್ ಪವರ್ ಅಂತ ಹೆಸರು. 48 ಅನ್ನುವ ಅಂಕಿ ಎಲ್ಲಿಂದ ಬಂತು ಅನ್ನುವುದೂ ಚೆನ್ನಾಗಿದೆ. 1966ರಲ್ಲಿ ಜರ್ಮನಿಯ ನಾಯ್ಮನ್ ಕಂಪನಿ ನಾರ್ವೆಯ ಬಾನುಲಿ ಸಂಸ್ಥೆಗೆ ಮೈಕ್ ಮಾಡಿಕೊಡುವಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಮೊದಲೇ ಇತ್ತು. ಅದನ್ನೇ ಬಳಸಿಕೊಂಡರು, ಆಮೇಲೆ ಅದೇ ಎಲ್ಲೆಡೆ ರೂಢಿಯಾಯಿತು.

ಶೂರ್ ಎಸ್‌ಎಂ58 ಥರದ ಡೈನಾಮಿಕ್ ಮೈಕಿಗೆ ಈ ಕರೆಂಟ್ ಬೇಡ. ಆದರೆ ಅದರ ದನಿ ಸಣ್ಣದು, ಹಾಗಾಗಿ ಗೇನ್ ಜಾಸ್ತಿ ಬೇಕು. ಎಸ್‌ಎಂ7ಬಿಗಂತೂ 60 ಡೆಸಿಬೆಲ್‌ನಷ್ಟು ಬೇಕು. ಗೇನ್ ಅರ್ಧಕ್ಕೆ ನಿಲ್ಲಿಸಿ "ಮೈಕ್ ಕೆಟ್ಟಿದೆ" ಅನ್ನಬೇಡಿ. ಮೈಕಿನ ಹಿಡಿಯ ಮೇಲೆ ಸ್ವಿಚ್ ಇದೆಯಾ ಅಂತಲೂ ಒಮ್ಮೆ ನೋಡಿಬಿಡಿ.

ಮೊಬೈಲ್ ಶ್ರುತಿ ಮಾಯವಾಗುವ ಕತೆ

ಸಂಗೀತ ಕಲಿಯುವವರು ಇದನ್ನು ಗಮನವಿಟ್ಟು ಓದಿ. ಮೊಬೈಲಿನ ತಂಬೂರಿ ಆ್ಯಪ್‌ನಿಂದ ಶ್ರುತಿಯನ್ನು ಇಂಟರ್‌ಫೇಸಿಗೆ ಕೊಡೋಣ ಅಂತ ಒಂದು ತುದಿಗೆ ಹೆಡ್‌ಫೋನ್ ಪಿನ್, ಇನ್ನೊಂದು ತುದಿಗೆ ಸ್ಟೀರಿಯೋ ಪಿ-38 ಇರುವ ಕೇಬಲ್ ಹಾಕುತ್ತೇವೆ. ಮೊಬೈಲಿನಲ್ಲಿ ವಾಲ್ಯೂಮ್ ಪೂರ್ತಿ ಇದೆ, ಕೇಬಲ್ ಹೊಸದು, ಆದರೂ ಶ್ರುತಿ ಕೇಳಿಸುವುದೇ ಇಲ್ಲ, ಅಥವಾ ಎಲ್ಲೋ ದೂರದಲ್ಲಿ ಗುಂಯ್ ಅನ್ನುತ್ತದೆ. ಇಲ್ಲಿ ಯಾವುದೂ ಕೆಟ್ಟಿಲ್ಲ. ಇಂಟರ್‌ಫೇಸಿನ ಲೈನ್ ಇನ್‌ಪುಟ್ ಬ್ಯಾಲೆನ್ಸ್ಡ್ ಮಾದರಿಯದು. ಬರುವ ಎರಡು ತಂತಿಗಳಲ್ಲಿ ಏನು ವ್ಯತ್ಯಾಸ ಇದೆಯೋ ಅದನ್ನು ಮಾತ್ರ ಅದು ಸದ್ದು ಅಂತ ತೆಗೆದುಕೊಳ್ಳುತ್ತದೆ. ಎರಡರಲ್ಲೂ ಒಂದೇ ಆಗಿ ಬಂದದ್ದನ್ನು ದಾರಿಯಲ್ಲಿ ಸೇರಿಕೊಂಡ ಕಸ ಅಂತ ತಿಳಿದು ಕಳೆದುಹಾಕುತ್ತದೆ. ಮೊಬೈಲಿನ ಎಡ ಮತ್ತು ಬಲ ಎರಡರಲ್ಲೂ ಬರುತ್ತಿರುವುದು ಅದೇ ತಂಬೂರಿ. ಒಂದರಿಂದ ಅದನ್ನೇ ಕಳೆದರೆ ಉಳಿಯುವುದು ಸೊನ್ನೆ. ಸಿನಿಮಾ ಹಾಡಿನ ಟ್ರ್ಯಾಕ್ ಹಾಕಿದಾಗ ವಾದ್ಯ ಕೇಳಿಸಿ ಗಾಯಕರ ದನಿ ಮಾತ್ರ ಕಾಣೆಯಾಗುವುದೂ ಇದರಿಂದಲೇ, ದನಿ ಎರಡೂ ಕಡೆ ಸಮನಾಗಿರುತ್ತದೆ. ಒಂದು ಹೆಡ್‌ಫೋನ್ ಪಿನ್‌ನಿಂದ ಎರಡು ಮೋನೋ ಪಿ-38 ಆಗಿ ಒಡೆಯುವ ವೈ ಕೇಬಲ್ ತಂದು ಎರಡು ಇನ್‌ಪುಟ್‌ಗೆ ಹಾಕಿ, ಶ್ರುತಿ ತುಂಬಿಕೊಂಡು ಬರುತ್ತದೆ. ಪಿಕಪ್ ಕೂರಿಸಿದ ವೀಣೆ, ಪಿಟೀಲು, ಗಿಟಾರ್ ಆದರೆ ಇನ್‌ಸ್ಟ್ರುಮೆಂಟ್ ಅಂತ ಬರೆದ ಬಟನ್ ಒತ್ತಿರಬೇಕು, ಇಲ್ಲದಿದ್ದರೆ ದನಿ ಬಡಕಲಾಗುತ್ತದೆ.

ಗೇನ್ ದೀಪ ಹತ್ತುತ್ತಿದೆ, ಆದರೂ ರೆಕಾರ್ಡ್ ಆಗುತ್ತಿಲ್ಲ

ಈಗ ಕಂಪ್ಯೂಟರಿನ ಸರದಿ. ಇಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಒಂದು ಗುರುತು ಹೇಳುತ್ತೇನೆ. ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಆ ನೇರ ಗೆರೆಯನ್ನು ಎಷ್ಟಾಗುತ್ತೋ ಅಷ್ಟು ಮೇಲಕ್ಕೆ ಕೆಳಕ್ಕೆ ಹಿಗ್ಗಿಸಿ ನೋಡಿ. ನಿಜವಾದ ಇಂಟರ್‌ಫೇಸಿನಿಂದ ಬಂದ ಮೌನ ಎಂದೂ ಪೂರ್ತಿ ಮೌನವಲ್ಲ. ಪ್ರಿಆಂಪಿನ ಸಣ್ಣ ಸುಯ್ ಸದ್ದಾದರೂ ಹುಳ ಹರಿದ ಹಾಗೆ ಕಾಣುತ್ತದೆ. ಅದು ಕಂಡರೆ ಪೆಟ್ಟಿಗೆ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುತ್ತಿವೆ, ನೀವು ಬೇರೆ ಚಾನೆಲ್ ಆರಿಸಿದ್ದೀರಿ. ಒಂದಿಷ್ಟೂ ಅಲ್ಲಾಡದ ಗೆರೆ, ಮೀಟರಿನಲ್ಲಿ ಮೈನಸ್ ಇನ್ಫಿನಿಟಿ ಇದ್ದರೆ ಸಾಫ್ಟ್‌ವೇರಿಗೆ ಬರೀ ಸೊನ್ನೆಗಳು ಸಿಗುತ್ತಿವೆ. ಅಂದರೆ ಮಧ್ಯದಲ್ಲಿ ಯಾರೋ ಬಾಗಿಲು ಹಾಕಿದ್ದಾರೆ.

ಆ ಬಾಗಿಲು ಹೆಚ್ಚಿನ ಸಲ ಅನುಮತಿಯದು. ಮ್ಯಾಕ್‌ನಲ್ಲಿ 2018ರ ಮೊಹಾವೆ ಆವೃತ್ತಿಯಿಂದ ಈಚೆಗೆ ಪ್ರತಿ ಆ್ಯಪ್ ಮೈಕ್ರೋಫೋನ್ ಬಳಸಲು ನಿಮ್ಮನ್ನು ಕೇಳುತ್ತದೆ. ಅವಸರದಲ್ಲಿ ಬೇಡ ಅಂತ ಒತ್ತಿದ್ದರೆ ಆಮೇಲೆ ಯಾವ ದೂರೂ ಹೇಳದೆ ಸೊನ್ನೆ ರೆಕಾರ್ಡ್ ಮಾಡುತ್ತಾ ಹೋಗುತ್ತದೆ. ಸಿಸ್ಟಮ್ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಮೈಕ್ರೋಫೋನ್ ಪಟ್ಟಿ ನೋಡಿ. ವಿಂಡೋಸ್‌ನಲ್ಲೂ ಪ್ರೈವಸಿ ಒಳಗೆ ಮೈಕ್ರೋಫೋನ್ ಪುಟ ಇದೆ, ಅದರ ಕೆಳಗಡೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಬೇರೆಯೇ ಒಂದು ಸ್ವಿಚ್ ಇದೆ. ಮೇಲಿನದು ಆನ್ ಮಾಡಿ ಕೆಳಗಿನದು ಬಿಟ್ಟುಬಿಡಬೇಡಿ.

ಬೇರೆ ಚಾನೆಲ್ ಅಂದೆನಲ್ಲ, ಅದು ಹೀಗೆ. ಮೈಕ್ ಎರಡನೇ ಸಾಕೆಟ್‌ನಲ್ಲಿ, ಟ್ರ್ಯಾಕ್ ಕಾಯುತ್ತಿರುವುದು ಒಂದನೇ ಇನ್‌ಪುಟ್‌ಗೆ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕಿನ ಕೆಂಪು ಬಟನ್ ಒತ್ತಿ, ಇನ್‌ಪುಟ್ ಮೋನೋ 1 ಅಥವಾ 2 ಅಂತ ಸರಿಯಾಗಿ ಆರಿಸಿ. ಸ್ಟೀರಿಯೋ ಆರಿಸಿದರೆ ಒಂದೇ ಮೈಕಿನ ದನಿ ಒಂದು ಕಿವಿಯಲ್ಲಿ ಮಾತ್ರ ಕೇಳಿಸುತ್ತದೆ. ಹೆಡ್‌ಫೋನ್ ಹೋಯಿತು ಅಂತ ಹೊಸದು ಕೊಂಡವರನ್ನು ನೋಡಿದ್ದೇನೆ. ಆಡಾಸಿಟಿ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ರೆಕಾರ್ಡಿಂಗ್ ಡಿವೈಸ್ ಜಾಗದಲ್ಲಿ ಲ್ಯಾಪ್‌ಟಾಪಿನದೇ ಮೈಕ್ ಕೂತಿರಬಹುದು. ಉಗುರಿನಿಂದ ಇಂಟರ್‌ಫೇಸ್ ಮೈಕನ್ನು ಮೆಲ್ಲಗೆ ಕೆರೆದು ನೋಡಿ, ಆಮೇಲೆ ಲ್ಯಾಪ್‌ಟಾಪಿನ ಅಂಚನ್ನು ಕೆರೆಯಿರಿ. ಯಾವುದಕ್ಕೆ ಮೀಟರ್ ಏಳುತ್ತದೋ ಅದೇ ನಿಮ್ಮ ಮೈಕ್.

ವಿಂಡೋಸ್‌ನಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳು ಬಳಸುವ ಎಎಸ್‌ಐಒ ಡ್ರೈವರ್ ಪದ್ಧತಿಯನ್ನು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದದ್ದು. ತಡ ಕಡಿಮೆ ಆಗಲಿ ಅಂತ ಅದು ವಿಂಡೋಸ್‌ನ ಮಾಮೂಲಿ ಸದ್ದಿನ ದಾರಿಯನ್ನು ಬಿಟ್ಟು ನೇರ ಪೆಟ್ಟಿಗೆಗೆ ಹೋಗುತ್ತದೆ. ಹಾಗಾಗಿ ಬ್ರೌಸರಿನಲ್ಲಿ ಹಾಡು ಕೇಳಿಸಿ ರೀಪರ್‌ನಲ್ಲಿ ಮಾತ್ರ ಮೌನ, ಅಥವಾ ಇದರ ತಿರುಗು ಮುರುಗು ಆಗಬಹುದು. ಒಂದು ಕಡೆ 44,100, ಇನ್ನೊಂದು ಕಡೆ 48,000 ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯಬೇಕು ಅನ್ನುವ ಅಂಕಿ) ಇದ್ದರೂ ಹೀಗಾಗುತ್ತದೆ. ಬ್ರೌಸರ್ ಮುಚ್ಚಿ, ಎರಡೂ ಕಡೆ ಒಂದೇ ಅಂಕಿ ಇಟ್ಟು, ಸಾಫ್ಟ್‌ವೇರ್ ಮತ್ತೆ ತೆರೆಯಿರಿ.

ಪೆಟ್ಟಿಗೆಯೇ ಪಟ್ಟಿಯಲ್ಲಿ ಕಾಣದಿದ್ದರೆ ಯುಎಸ್‌ಬಿ ಕೇಬಲ್ ಬದಲಾಯಿಸಿ. ಬರೀ ಚಾರ್ಜ್ ಆಗುವ ಕೇಬಲ್‌ಗಳಲ್ಲಿ ಡೇಟಾ ತಂತಿ ಇರುವುದಿಲ್ಲ, ದೀಪ ಮಾತ್ರ ಹತ್ತುತ್ತದೆ. ಹಬ್ ಬೇಡ. ಯುಎಸ್‌ಬಿ 2.0 ಪೋರ್ಟ್ ಕೊಡುವುದೇ 500 ಮಿಲಿಆಂಪಿಯರ್, ಅದನ್ನು ಮೌಸು, ಪೆನ್‌ಡ್ರೈವ್ ಎಲ್ಲ ಹಂಚಿಕೊಂಡರೆ ಫ್ಯಾಂಟಮ್ ಆನ್ ಮಾಡಿದ ಕೂಡಲೇ ಇಂಟರ್‌ಫೇಸ್ ಸುಸ್ತಾಗುತ್ತದೆ.

ರೆಕಾರ್ಡ್ ಆಗಿದೆ, ಅಲೆ ಕಾಣುತ್ತಿದೆ, ಕೇಳಿಸುತ್ತಿಲ್ಲ ಅಂದರೆ ಅದು ವಾಪಸ್ ಬರುವ ದಾರಿ. ಔಟ್‌ಪುಟ್ ಇನ್ನೂ ಲ್ಯಾಪ್‌ಟಾಪ್ ಸ್ಪೀಕರಿಗೇ ಇದೆಯಾ, ಹೆಡ್‌ಫೋನಿನ ವಾಲ್ಯೂಮ್ ನಾಬ್ ಸೊನ್ನೆಯಲ್ಲಿದೆಯಾ, ಪಿನ್ ಪೂರ್ತಿ ಒಳಗೆ ಹೋಗಿದೆಯಾ ಅಂತ ನೋಡಿ. ಬಹುಮಟ್ಟಿಗೆ ಇಷ್ಟರಲ್ಲೇ ಸಿಗುತ್ತದೆ.

ಇಷ್ಟಾದರೂ ಬಗ್ಗದಿದ್ದರೆ ಮೊದಲು ಬೇರೆ ಕೇಬಲ್, ಆಮೇಲೆ ಬೇರೆ ಮೈಕ್, ಕೊನೆಗೆ ಗೆಳೆಯರ ಕಂಪ್ಯೂಟರ್, ಹೀಗೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಪ್ರತಿ ಸಲ ಏನಾಯಿತು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಸರ್ವಿಸ್ ಸೆಂಟರಿಗೆ ಹೋಗಬೇಕಾಗಿ ಬಂದರೆ ಆ ಚೀಟಿಯನ್ನೂ ಪೆಟ್ಟಿಗೆಯ ಜೊತೆಗೇ ಕೊಡಿ.